ಅಕ್ಕನ ಮೊಣಕೈ ನೋವಿನ ಮೂಲ

ಗೆಳೆಯರೇ, ಸೈಬರ್ ಸೆಂಟರಿಗೆ ಓಡಿ ಬಂದದ್ದೇ ಇದನ್ನು ಹೇಳಲು. ವರ್ಷದಿಂದ ಕಾಡುತ್ತಿದ್ದ ನಮ್ಮಕ್ಕನ ಮೊಣಕೈ ನೋವಿಗೆ ಇವತ್ತು ಹಾಸನದಲ್ಲಿ ಕಾರಣ ಸಿಕ್ಕಿತು. ಎಣ್ಣೆ, ಮುಲಾಮು, ಇಂಜೆಕ್ಷನ್ ಎಲ್ಲ ಆಗಿದ್ದವು. ಹೊಸ ಡಾಕ್ಟರು ಎಕ್ಸ್‌ರೇ ಪಕ್ಕಕ್ಕಿಟ್ಟು, "ಏನ್ ಕೆಲಸ ಮಾಡ್ತೀರಮ್ಮ?" ಎಂದರು.

ಅಕ್ಕ ಬಾಯಿ ತೆರೆಯುವ ಮೊದಲೇ ಭಾವ, "ಕೆಲ್ಸ ಏನಿಲ್ಲ ಸಾ, ಮನೇಲೇ ಇರ್ತಾಳೆ" ಅಂದರು.

ಹಿರೀಸಾವೆಯ ರಸ್ತೆಬದಿಯಲ್ಲಿ ಭಾವನ ಹೋಟೆಲಿದೆ. ಅಲ್ಲಿ ಎರಡು ಹೊತ್ತೂ ದೊಡ್ಡ ಪಾತ್ರೆಯ ಮುಂದೆ ಕೂತು ಕೋಲು ಹಿಡಿದು ಮುದ್ದೆ ತಿರುವುವವಳು ಅಕ್ಕ.

"ಮುದ್ದೆ ತಿರುವ್ತೀನಿ ಸಾ," ಎಂದಳು ಮೆಲ್ಲಗೆ.

"ಹೇಗೆ, ತೋರಿಸಿ."

ನನ್ನ ಕೊಡೆಯನ್ನೇ ಕೋಲಿನಂತೆ ಹಿಡಿದು ತಿರುವತೊಡಗಿದಳು. ಎರಡನೆಯ ಸುತ್ತಿಗೇ ಕೊಡೆ ಕೈಜಾರಿ ಬಿತ್ತು.

"ಸ್ನಾಯು ಮೂಳೆಗೆ ಅಂಟೋ ಜಾಗ ಸವೆದುಹೋಗಿದೆ. ಇನ್ನು ಕೋಲು ಮುಟ್ಟಬಾರದು," ಎಂದರು ಡಾಕ್ಟರು.

"ಲಾರಿಯೋರು ನಮ್ ಓಟ್ಲತ್ರ ನಿಲ್ಸೋದೇ ಇವ್ಳ್ ಮುದ್ದೆಗೆ ಸಾ," ಭಾವನ ದನಿ ಇಳಿದಿತ್ತು. "ಎಡಗೈಲಿ ತಿರುವಿದ್ರೆ ಆಗಾಕಿಲ್ವಾ?"

ಡಾಕ್ಟರು ಮುಂದಿನವರನ್ನು ಕರೆದರು.

ಅಕ್ಕ-ಭಾವನನ್ನು ಬಿಡಲು ನಾನೂ ಹಿರೀಸಾವೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಭಾವನ ಮೇಲೆ ರೇಗಿದೆ. ಹೋಟೆಲ್ ಮುಂದೆ ಆಗಲೇ ಲಾರಿಗಳು ನಿಂತಿದ್ದವು. ಅಕ್ಕ ಮೊಣಕೈಗೆ ಹೊಸ ಬೆಲ್ಟ್ ಬಿಗಿದುಕೊಂಡು ಸೀದಾ ಒಲೆಯ ಕಡೆ ನಡೆದಳು.

"ಉಂಡ್ಕಂಡ್ ಓಗು ಕಣ್ಲಾ," ಅಂದಳು. ಹಸಿದಿದ್ದೆ, ಕೂತೆ.

ನೋವಿನ ಮೂಲ ಹಬೆಯಾಡುತ್ತಾ ಬಂದು ನನ್ನ ತಟ್ಟೆಗೇ ಬಿತ್ತು. ಇನ್ನರ್ಧ ಹಾಕಿಸಿಕೊಂಡು ನುಂಗಿದೆ.