ಉಳ್ಳಾಲದ ಪಾಕಿಸ್ತಾನಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಅರ್ಧ ಅಂಗುಲ ಉದ್ದವಿತ್ತು. ದಪ್ಪಗೆ, ಹಳದಿಗೆ ತಿರುಗಿದ ಉಗುರು. ಮೊದಲ ದಿನ ಅದನ್ನು ನೋಡಿ ನನಗೆ ಹೇಸಿಗೆಯಾಗಿತ್ತು. ಅದು ಅವರ ಕಸುಬಿನ ಸಾಮಾನು ಎಂದು ಆಮೇಲೆ ಗೊತ್ತಾಯಿತು. ಕರಾಚಿಯಿಂದ ಬಂದ ಅಕ್ಕಿಯ ಮಾದರಿ ಪೊಟ್ಟಣ ಬಿಚ್ಚಿ, ಒಂದು ಕಾಳನ್ನು ಆ ಉಗುರಿನ ಮೇಲಿಟ್ಟು, ಎಡಗೈಯಿಂದ ಒತ್ತಿ ಮುರಿದು, ಮುರಿದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. "ಹೊಸತು. ಆರು ತಿಂಗಳೂ ಆಗ್ಲಿಲ್ಲ. ಹಳೇದು ಅಂತ ಬರೆದಿದ್ದಾನೆ, ಕಳ್ಳ" ಎನ್ನುತ್ತಿದ್ದರು. ಅಕ್ಕಿಯ ವಿಷಯದಲ್ಲಿ ಅವರ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಕುವೈತಿನ ಮಿರ್ಕಾಬಿನಲ್ಲಿ ಪಾಕಿಸ್ತಾನದಿಂದ ಅಕ್ಕಿ, ಟವೆಲು, ಬೆಡ್‌ಶೀಟು ತರಿಸಿ ಮಾರುವ ಸಣ್ಣ ಕಂಪನಿ ನಮ್ಮದು. ಕೊಂಡದ್ದರಲ್ಲಿ ಸ್ವಲ್ಪ ಕುವೈತಿನಲ್ಲೇ ಖರ್ಚಾಗುತ್ತಿತ್ತು, ಸ್ವಲ್ಪ ಇರಾನಿಗೂ ಬಸ್ರಾಕ್ಕೂ ಹೋಗುತ್ತಿತ್ತು. ನಾನು ಅಲ್ಲಿ ಟೈಪಿಸ್ಟ್. ಅವರು ಅಕ್ಕಿಯ ಹಿರಿಯ ಗುಮಾಸ್ತ. ಕಚೇರಿಗೆಲ್ಲ ಅವರು ಚಾಚಾ, ನನಗೂ ಚಾಚಾ.

ಅವರಿಗೆ ಕನ್ನಡ ಬರುತ್ತದೆಂದು ತಿಳಿದದ್ದು ನಾನು ಸೇರಿದ ಎರಡನೆಯ ವಾರ. ಟೈಪ್‌ರೈಟರಿನ ರಿಬ್ಬನ್ ಸಿಕ್ಕಿಕೊಂಡಿತ್ತು. ಯಾರಿಗೂ ಅರ್ಥವಾಗದೆಂಬ ಧೈರ್ಯದಲ್ಲಿ "ದರಿದ್ರದ್ದು, ಇದರ ಮನೆ ಹಾಳಾಗ" ಎಂದು ಬೈದೆ. ಹಿಂದಿನ ಮೇಜಿನಿಂದ ಉತ್ತರ ಬಂತು: "ಅದರ ಮನೆ ಇದೇ ಆಫೀಸು ಮಾರಾಯ್ತಿ. ಹಾಳಾದ್ರೆ ನಾವೆಲ್ಲಿಗೆ ಹೋಗುದು? ರಿಬ್ಬನ್ ಬದಲ್ಸು."

ತಿರುಗಿ ನೋಡಿದರೆ, ಪಾಕಿಸ್ತಾನದ ಹಸಿರು ಪಾಸ್‌ಪೋರ್ಟಿನ ಚಾಚಾ ತಣ್ಣಗೆ ಕಾಗದ ಜೋಡಿಸುತ್ತಿದ್ದಾರೆ.

ಹುಟ್ಟಿದ್ದು ಉಳ್ಳಾಲದಲ್ಲಿ, ಬ್ಯಾರಿ ಮುಸ್ಲಿಮರ ಮನೆಯಲ್ಲಿ. ದೇಶ ಒಡೆಯುವ ಹಿಂದಿನ ವರ್ಷ, ಕನ್ನಡ ಶಾಲೆಯ ನಾಲ್ಕನೇ ಕ್ಲಾಸು ಮುಗಿದ ರಜೆಯಲ್ಲಿ, ಮಾವನ ಜೊತೆ ಹೆಂಚು ತುಂಬಿದ ಮಂಜಿಯಲ್ಲಿ, ಹಾಯಿಹಡಗಿನಲ್ಲಿ, ಕರಾಚಿ ನೋಡಲು ಹೋಗಿದ್ದರು. ಮಳೆಗಾಲ ಕಳೆದ ಮೇಲೆ ವಾಪಸು ಬರುವುದೆಂದು ಮಾತು. ಮಾವ ಅಲ್ಲೇ ಅಂಗಡಿ ಹಾಕಿದರು, ಗಡಿ ಬಿತ್ತು, ಹುಡುಗ ಅಲ್ಲಿಯವನಾದ. ತಾಯಿ ಸತ್ತಾಗಲೂ ಬರಲು ಆಗಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿದರು, ಹುಟ್ಟಿದ ಊರು, ಓದಿದ ಶಾಲೆ ಎಲ್ಲ ಬರೆದು. ವೀಸಾ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳನ್ನು ಕರಾಚಿಯಲ್ಲಿ ಬಿಟ್ಟು ಕುವೈತಿಗೆ ಬಂದದ್ದಕ್ಕೆ ಅವರು ಕೊಡುತ್ತಿದ್ದ ಕಾರಣ ಬೇರೆ ಯಾವ ಪಾಕಿಸ್ತಾನಿಯೂ ಕೊಡಲಾರ. "ಇಲ್ಲಿಯಾದ್ರೆ ಊರಿನವರು ಕಣ್ಣಿಗೆ ಬೀಳ್ತಾರೆ."

ನನ್ನ ಜೊತೆ ತುಳುವಿಗೆ ಹೋಗುತ್ತಿರಲಿಲ್ಲ. ಮಂಗಳೂರಿನ ಕಡೆಯವಳಾದ ನಾನೇ ತುಳುವಿನಲ್ಲಿ ಶುರು ಮಾಡಿದರೂ ತಡೆಯುತ್ತಿದ್ದರು. "ಬ್ಯಾರಿ ಮಾತಾಡ್ಲಿಕ್ಕೆ ಕರಾಚಿಯಲ್ಲಿ ಮಾವನ ಮಕ್ಕಳುಂಟು. ತುಳುವಿಗೆ ಇಲ್ಲಿ ಹೋಟ್ಲಿನವರುಂಟು. ಶಾಲೆಯ ಕನ್ನಡಕ್ಕೆ ನೀನೊಬ್ಳೇ." ಹಾಗಾಗಿ ನಾನು ವಾರಕ್ಕೊಮ್ಮೆ ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿ ತಂದರೆ, ಅವರು ಉಂಡು, ಕೈ ತೊಳೆದು, ಪಾಠ ಒಪ್ಪಿಸುವ ದನಿಯಲ್ಲಿ "ಊಟ ಬಹಳ ರುಚಿಕರವಾಗಿತ್ತು" ಎನ್ನುತ್ತಿದ್ದರು. ನಕ್ಕರೆ ಸಿಟ್ಟು ಬರುತ್ತಿತ್ತು.

ಆದರೆ ಅವರು ಅರೆಮನಸ್ಸಿನ ಪಾಕಿಸ್ತಾನಿಯೇನೂ ಆಗಿರಲಿಲ್ಲ. ಕರಾಚಿಗೆ ಹೋಗುವ ಪ್ರತಿ ಪತ್ರದಲ್ಲೂ "ನಮ್ಮ ಸೋದರ ರಾಷ್ಟ್ರಗಳ ನಡುವಿನ ಬಾಂಧವ್ಯ" ಎಂಬ ಸಾಲು ಇರಲೇಬೇಕು. ಅಕ್ಕಿಯಲ್ಲಿ ಹುಳ ಬಿದ್ದಿದೆ ಎಂದು ಜಗಳಕ್ಕೆ ನಿಂತ ಪತ್ರದಲ್ಲೂ ಅದನ್ನು ಬರೆಸಿದಾಗ ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ.

"ಹುಳ ಇರುದು ಅಕ್ಕಿಯಲ್ಲಿ, ಬಾಂಧವ್ಯದಲ್ಲಿ ಅಲ್ಲ. ಟೈಪ್ ಮಾಡು."

ಪಾಕಿಸ್ತಾನ ಹುಟ್ಟಿದಾಗ ಮೊದಲು ಒಪ್ಪಿಕೊಂಡ ದೇಶ ಇರಾನ್, ಸೌದಿಯವರ ಸೈನಿಕರಿಗೆ ತರಬೇತಿ ಕೊಟ್ಟವರು ನಮ್ಮವರು, ಕೊಲ್ಲಿಯ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ನಮ್ಮವರು, ಅಲ್ಲಿಂದ ಅಕ್ಕಿ ಬರುತ್ತದೆ, ಇಲ್ಲಿಂದ ಎಣ್ಣೆ ಹೋಗುತ್ತದೆ ಎಂದು ಮದುವೆ ಮನೆಯಲ್ಲಿ ನೆಂಟರ ಪರಿಚಯ ಹೇಳುವವರ ಹಾಗೆ ಹೇಳುತ್ತಿದ್ದರು. ಅವರ ದೇಶದ ಮಂತ್ರಿ ಕುವೈತಿಗೆ ಬಂದು ಇಲ್ಲಿನ ಮಂತ್ರಿಯನ್ನು ತಬ್ಬಿಕೊಂಡ ಫೋಟೊ ಪತ್ರಿಕೆಯಲ್ಲಿ ಬಂದರೆ ಕಚೇರಿಗೆಲ್ಲ ಓದಿ ಹೇಳುತ್ತಿದ್ದರು. ಕೊನೆಗೆ ನನ್ನ ಕಡೆ ಬಾಗಿ ಕನ್ನಡದಲ್ಲಿ, "ಪೇಪರಿನಲ್ಲಿ ಸೋದರ ಅಂತ ಬಂದ ದಿನ ಇಲ್ಲಿಯವರ ಹತ್ರ ವೀಸಾ ಕೇಳ್ಲಿಕ್ಕೆ ಹೋಗ್ಬಾರ್ದು. ಅಣ್ಣನಿಗೆ ಸಿಟ್ಟು ಬರ್ತದೆ."

ಕಂಪನಿಯ ಕುವೈತಿ ಯಜಮಾನರೇ ನಮ್ಮೆಲ್ಲರ ವೀಸಾಕ್ಕೆ ಜವಾಬ್ದಾರರಾದ ಕಫೀಲ್. ನಾನೂ ಬಿಡುತ್ತಿರಲಿಲ್ಲ. "ಚಾಚಾ, ಇಲ್ಲಿಗೆ ಬಂದು ಹದಿನೆಂಟು ವರ್ಷ ಆಯ್ತು. ನಿಮ್ಮ ಸೋದರ ಕಫೀಲ್ ಒಂದು ಸಲವಾದ್ರೂ ನಿಮ್ಮನ್ನು ಮನೆಗೆ ಊಟಕ್ಕೆ ಕರ್ದಿದ್ದಾರಾ?"

"ಕರ್ದಿದ್ದಾರೆ. ಅಕ್ಕಿ ಸರಿ ಬೆಂದಿದ್ಯಾ ಅಂತ ನೋಡ್ಲಿಕ್ಕೆ."

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅಹ್ಮದಿಯ ಎಣ್ಣೆಬಾವಿಗಳಲ್ಲಿ ಟೆಕ್ನಿಷಿಯನ್ ಆಗಿದ್ದ ನನ್ನ ಗಂಡ ಜುಲೈ ಕೊನೆಗೆ ರಜೆಯಲ್ಲಿ ಊರಿಗೆ ಹೋಗಿದ್ದರು. ನನಗೆ ರಜೆ ಸಿಕ್ಕಿರಲಿಲ್ಲ. ಮಿರ್ಕಾಬಿನ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಉಳಿದೆ. ಫೋನ್ ಸತ್ತಿತು. ಎದುರು ಮನೆಯವರು ಒಂದು ಬೆಳಿಗ್ಗೆ ಬಾಗಿಲಿಗೆ ಬೀಗವನ್ನೂ ಹಾಕದೆ ಹೋಗಿಬಿಟ್ಟರು. ಕಫೀಲ್ ಸಂಸಾರ ಸಮೇತ ಸೌದಿ ಸೇರಿದ್ದರು. ದಿನವಿಡೀ ಕಿಟಕಿಯ ಪರದೆ ಎಳೆದು ಕೂತು, ಮೆಟ್ಟಿಲ ಮೇಲೆ ಯಾರ ಬೂಟಿನ ಸದ್ದಾದರೂ ಉಸಿರು ಬಿಗಿ ಹಿಡಿಯುತ್ತಿದ್ದೆ. ನನ್ನ ದನಿಯನ್ನೇ ನಾನು ಕೇಳದೆ ಇಡೀ ದಿನ ಕಳೆದದ್ದುಂಟು.

ದಿನಾ ಬೆಳಿಗ್ಗೆ ಹತ್ತಕ್ಕೆ ಬಾಗಿಲ ಮೇಲೆ ಮೂರು ಬಡಿತ. ಅದು ಚಾಚಾ. ಕಚೇರಿಯ ಹಿಂದಿನ ಕೋಣೆಯಲ್ಲಿ ಅವರ ವಾಸ. ಒಳಗೆ ಬರುತ್ತಿರಲಿಲ್ಲ. ಖುಬ್ಬೂಸ್ ರೊಟ್ಟಿ ಸಿಕ್ಕಿದ್ದರೆ ರೊಟ್ಟಿ, ಇಲ್ಲದಿದ್ದರೆ ಅಕ್ಕಿಯ ಪೊಟ್ಟಣ. ಸೈನಿಕರು ಕಚೇರಿಯ ಫ್ಯಾನು, ಟೈಪ್‌ರೈಟರು ಎಲ್ಲ ಹೊತ್ತೊಯ್ದಿದ್ದರು, ಮಾದರಿ ಅಕ್ಕಿಯ ಕಪಾಟು ಮಾತ್ರ ಅವರಿಗೆ ಬೇಡವಾಗಿತ್ತು. "ಇವತ್ತು ಇರಾನಿಗೆ ಹೋಗ್ಬೇಕಾಗಿದ್ದ ಅಕ್ಕಿ. ನಾಳೆ ಬಸ್ರಾದವರದ್ದು ಬೇಯ್ಸು. ಅವರು ನಮ್ಮದೆಲ್ಲ ತಿಂದ್ರಲ್ಲ, ಅವರದ್ದು ನಾವು ತಿನ್ನುವ" ಎನ್ನುತ್ತಿದ್ದರು. ಹೊಸಿಲಿನಾಚೆ ನಿಂತು ಹತ್ತು ನಿಮಿಷ ಕನ್ನಡ ಮಾತಾಡಿ ಹೋಗುತ್ತಿದ್ದರು. ಆ ಹತ್ತು ನಿಮಿಷ ಇಲ್ಲದಿದ್ದರೆ ನನಗೆ ತಲೆ ಕೆಡುತ್ತಿತ್ತು.

ಒಂದು ದಿನ ಮನೆಯಲ್ಲಿ ಕೂರಲಾರದೆ ರೊಟ್ಟಿಯ ಸಾಲಿಗೆ ಅವರ ಜೊತೆ ಹೋದೆ. ಅಲ್ಲಿ ಬಂದೂಕು ಹಿಡಿದ ಸೈನಿಕನೊಬ್ಬ ಪ್ರತಿಯೊಬ್ಬರ ದೇಶ ಕೇಳುತ್ತಿದ್ದ. ಭಾರತ ಇರಾಕಿನ ಜೊತೆ ಜಗಳಕ್ಕೆ ಹೋಗಿರಲಿಲ್ಲ, ಆದ್ದರಿಂದ "ಹಿಂದಿ", ಅಂದರೆ ಭಾರತೀಯ, ಎಂದವರು ಮುಂದೆ. ಪಾಕಿಸ್ತಾನ ಸೌದಿಗೆ ಸೈನ್ಯ ಕಳಿಸುವುದಾಗಿ ಹೇಳಿತ್ತು. ಪಾಕಿಸ್ತಾನಿ ಎಂದವರನ್ನು ಸಾಲಿನ ಕೊನೆಗೆ ನೂಕುತ್ತಿದ್ದ, ಅಲ್ಲಿಗೆ ತಲುಪುವ ಹೊತ್ತಿಗೆ ರೊಟ್ಟಿ ಖಲಾಸ್. ಇಷ್ಟು ದಿನ ಚಾಚಾ ಒಂದು ರೊಟ್ಟಿಗೆ ಮೂರು ಮೂರು ಸಲ ಸಾಲು ನಿಂತಿದ್ದರೆಂದು ನನಗೆ ಆಗ ತಿಳಿಯಿತು.

"ಚಾಚಾ, ಹಿಂದಿ ಅಂತ ಹೇಳಿ. ಹುಟ್ಟಿದ್ದು ಉಳ್ಳಾಲ ಅಲ್ವಾ? ಸುಳ್ಳೂ ಆಗುದಿಲ್ಲ" ಎಂದು ಪಿಸುಗುಟ್ಟಿದೆ.

"ಅದನ್ನೇ ನಲವತ್ತು ವರ್ಷ ಕಾಗದದ ಮೇಲೆ ಬರ್ದು ಬರ್ದು ಕಳಿಸಿದೆ. ಯಾರೂ ಒಪ್ಲಿಲ್ಲ. ಈಗ ರೊಟ್ಟಿಗೆ ಹೇಳುದಾ?"

ಸೈನಿಕ ಹತ್ತಿರ ಬಂದ. ಇವರು ತಲೆ ಎತ್ತಿ "ಪಾಕಿಸ್ತಾನಿ" ಎಂದರು. ಅವನು ಬಂದೂಕಿನ ಹಿಡಿಯಿಂದ ಭುಜಕ್ಕೆ ನೂಕಿದ. ಇವರು ಅಂಗಿ ಸರಿಮಾಡಿಕೊಂಡು ಸಾಲಿನ ಕೊನೆಗೆ ನಡೆದರು. ವಾಪಸು ಬರುವಾಗ ನನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ರೇಡಿಯೊದಲ್ಲಿ ಕೇಳಿದ್ದನ್ನು ಹೇಳಿ ನಕ್ಕರು, "ನಮ್ಮ ಸರ್ಕಾರ ಸೌದಿಯ ಕಡೆ. ಬೀದಿಯ ಜನ ಇರಾಕಿನ ಕಡೆ. ನಾನು ಮಿರ್ಕಾಬಿನಲ್ಲಿ."

ಸೆಪ್ಟೆಂಬರಿನಲ್ಲಿ ಸುದ್ದಿ ಬಂತು. ಅರ್ಧ ಗಂಟೆ ನಡೆಯುವ ದೂರದ ಒಂದು ಶಾಲೆಯಿಂದ ಭಾರತೀಯರನ್ನು ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿಸಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಕಳಿಸುತ್ತಿದ್ದಾರೆ. ಒಬ್ಬಳೇ ಹೆಂಗಸು ಆ ದಾರಿ ನಡೆಯುವಂತಿರಲಿಲ್ಲ. ಚಾಚಾ ಬರುತ್ತೇನೆಂದರು. ಬೆಳಿಗ್ಗೆ ಬಂದಾಗ ಇಸ್ತ್ರಿ ಇಲ್ಲದ, ಆದರೆ ಒಗೆದ ಅಂಗಿ. ಹೆಗಲಲ್ಲಿ ಒಂದು ಸಣ್ಣ ಚೀಲ. ಅದರಲ್ಲಿ ದಾರಿಗೆ ರೊಟ್ಟಿ ಇರಬೇಕೆಂದುಕೊಂಡೆ. ನನ್ನ ಪೆಟ್ಟಿಗೆಯನ್ನೂ ಅವರೇ ಹಿಡಿದರು.

ಎರಡನೆಯ ಸರ್ಕಲ್ಲಿನ ಹತ್ತಿರ ಕಾವಲಿನವರು ತಡೆದರು. ಒಬ್ಬ ಸೈನಿಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದಲ್ಲಿ ನಿಂತ ಜೀಪಿನ ಕಡೆ ಬೆರಳು ತೋರಿಸಿದ. ಚಾಚಾ ನಮ್ಮಿಬ್ಬರ ನಡುವೆ ಬಂದು ನಿಂತರು. ನನ್ನ ಪಾಸ್‌ಪೋರ್ಟನ್ನು ಎತ್ತಿ ಹಿಡಿದು, "ಹಿಂದಿ. ಅನಾ ಹಿಂದಿ. ಹಾದಿ ಬಿಂತಿ" ಎಂದರು. ನಾನು ಭಾರತೀಯ, ಇವಳು ನನ್ನ ಮಗಳು. ಸೈನಿಕ ಅವರ ಕಾಗದ ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಲಿಲ್ಲ. "ಯಲ್ಲಾ" ಎಂದು ಕೈ ಬೀಸಿದ.

ಕಾವಲು ಕಣ್ಮರೆಯಾಗುವವರೆಗೆ ಬೇಗ ಬೇಗ ನಡೆದೆವು. ಕೊನೆಗೆ ನಾನು, "ರೊಟ್ಟಿಗೆ ಹೇಳದ್ದನ್ನು ಈಗ ಹೇಳಿದ್ರಿ" ಎಂದೆ.

"ರೊಟ್ಟಿ ನಾಳೆಯೂ ಸಿಗ್ತದೆ" ಎಂದರು. ಸ್ವಲ್ಪ ಹೊತ್ತು ನಡೆದು, "ಬೊಂಬಾಯಿಯಿಂದ ಮಂಗಳೂರಿಗೆ ಈಗ ಬಸ್ಸಿನಲ್ಲಿ ಎಷ್ಟು ಹೊತ್ತು?" ಎಂದು ಕೇಳಿದರು. ಒಂದು ಹಗಲು, ಒಂದು ರಾತ್ರಿ ಎಂದೆ. "ಅಷ್ಟೇನಾ" ಎಂದರು.

ಶಾಲೆಯ ಅಂಗಳದಲ್ಲಿ ಮೇಜು ಹಾಕಿ ಹೆಸರು ಬರೆದುಕೊಳ್ಳುತ್ತಿದ್ದವರು ಮಂಗಳೂರಿನವರೇ. ನಮ್ಮ ಮಾತು ಕೇಳಿ ಅವರ ಮುಖ ಅರಳಿತು. ನನ್ನ ಹೆಸರು ಬರೆದರು. ಆಮೇಲೆ ಚಾಚಾನನ್ನು ನೋಡಿ ನನ್ನನ್ನು ಕೇಳಿದರು: "ಇವರು ನಿಮ್ಮ ಮಾವನವರಾ? ಪಾಸ್‌ಪೋರ್ಟ್ ಕಳೆದು ಹೋಯ್ತಾ? ತುಂಬಾ ಜನರದ್ದು ಹಾಗೇ ಆಗಿದೆ, ತಲೆ ಬಿಸಿ ಮಾಡ್ಬೇಡಿ. ನೀವು ಹೌದು ಅಂದ್ರೆ ನಾನು ಬರ್ಕೊಳ್ತೇನೆ. ಅಮ್ಮಾನಿನಲ್ಲಿ ಹೊಸ ಕಾಗದ ಕೊಡ್ತಾರೆ."

ಚಾಚಾ ನನ್ನನ್ನು ನೋಡಿದರು. ಹೆಗಲಿನ ಚೀಲವನ್ನು ಮುಂದಕ್ಕೆ ಎಳೆದುಕೊಂಡಿದ್ದರು. ಅದರ ಬಾಯಿಂದ ಟವೆಲಿನ ತುದಿ, ಮಡಿಸಿದ ಒಂದು ಲುಂಗಿ ಕಾಣುತ್ತಿತ್ತು. ಅದು ರೊಟ್ಟಿಯ ಚೀಲವಲ್ಲ, ಊರಿಗೆ ಹೊರಟವರ ಚೀಲ ಎಂದು ನನಗೆ ಆಗ ಹೊಳೆಯಿತು. ಬಾಯಿಬಿಟ್ಟು ಕೇಳುವ ಜಾತಿಯವರಲ್ಲ ಅವರು. ಊರಿನವರೊಬ್ಬರು ತಾವಾಗಿ ಹೌದು ಎನ್ನಬೇಕಿತ್ತು.

ನಾನು ಏನು ಯೋಚಿಸಿದೆನೆಂದು ಮುಚ್ಚಿಡುವುದಿಲ್ಲ. ಯಾವ ಹೆಸರು ಹೇಳಲಿ? ನನ್ನ ಮಾವನ ಹೆಸರೆಂದರೆ ಹಿಂದೂ ಹೆಸರು. ಅಮ್ಮಾನಿನಲ್ಲಿ ವಿಚಾರಿಸಿದರೆ? ಪಾಕಿಸ್ತಾನಿಯನ್ನು ಸೇರಿಸಿಕೊಂಡು ಬಂದಳೆಂದು ನನ್ನನ್ನೂ ಇಳಿಸಿದರೆ? ಆಗಷ್ಟೇ ಬಂದೂಕಿನ ಮುಂದೆ ನನ್ನನ್ನು ಮಗಳೆಂದವರನ್ನು, ಪೆನ್ನು ಹಿಡಿದು ಕಾಯುತ್ತಿದ್ದ ಒಬ್ಬ ಸಾಧು ಮನುಷ್ಯನ ಮುಂದೆ ಮಾವ ಎನ್ನಲು ನನ್ನ ನಾಲಗೆ ಏಳಲಿಲ್ಲ. ನಾನು ಬಸ್ಸಿನ ಕಡೆ ನೋಡಿದೆ.

"ಅಲ್ಲ" ಎಂದರು ಚಾಚಾ. "ನಾನು ಪಾಕಿಸ್ತಾನದವ. ಇವಳನ್ನು ಬಿಡ್ಲಿಕ್ಕೆ ಬಂದದ್ದು."

ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಟ್ಟರು. "ಪ್ರಯಾಣ ಸುಖಕರವಾಗಲಿ" ಎಂದರು, ಅದೇ ಶಾಲೆಯ ಕನ್ನಡದಲ್ಲಿ. ಚೀಲವನ್ನು ಮತ್ತೆ ಬೆನ್ನಿಗೆ ಸರಿಸಿಕೊಂಡು, ಬಂದ ದಾರಿಯಲ್ಲೇ, ಅದೇ ಕಾವಲಿನ ಕಡೆಗೆ ನಡೆದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಾಗ್ದಾದಿನವರೆಗೂ ಖಾಲಿ ಇತ್ತು. ಯಾರಾದರೂ ಬಂದು ಕೂರಬಾರದೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಮರುವರ್ಷ ಯುದ್ಧ ಮುಗಿದ ಮೇಲೆ ಗಂಡನ ಜೊತೆ ಕುವೈತಿಗೆ ಮರಳಿದೆ. ಅಹ್ಮದಿಯ ಕಡೆ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಕಂಪನಿ ಮತ್ತೆ ತೆರೆಯಿತು. ಕರಾಚಿಯಿಂದ ಅಕ್ಕಿ ಬಂತು, ಮರಳಿನಲ್ಲಿ ಹೂತ ಬಾಂಬು ತೆಗೆಯಲು ಪಾಕಿಸ್ತಾನದ ಸೈನಿಕರು ಬಂದರು, ಪತ್ರಿಕೆಯಲ್ಲಿ ಮತ್ತೆ ತಬ್ಬಿಕೊಂಡ ಫೋಟೊ ಬಂತು. ಅದನ್ನು ಓದಿ ಹೇಳಿ ನನ್ನ ಕಡೆ ಬಾಗುವವರು ಇರಲಿಲ್ಲ. ಕಚೇರಿಯಲ್ಲಿ ಕನ್ನಡದ ಒಂದು ಮಾತಿಲ್ಲದೆ ಸಂಜೆಯಾಗುತ್ತಿತ್ತು. ಆ ಮೌನ ನನಗೆ ಸಲ್ಲಬೇಕಾದದ್ದೇ ಎನಿಸುತ್ತಿತ್ತು.

ಒಂದು ದಿನ ಕರಾಚಿಯಿಂದ ಅವರ ಮಗ ಬಂದ, ತಂದೆಯ ಸಾಮಾನೇನಾದರೂ ಉಳಿದಿದೆಯೇ ಎಂದು ವಿಚಾರಿಸಿಕೊಂಡು. ಏನೂ ಉಳಿದಿರಲಿಲ್ಲ. ಚಾಚಾ ಆ ಅಕ್ಟೋಬರಿನಲ್ಲಿ ಇರಾನಿನ ದಾರಿ ಹಿಡಿದು, ಲಾರಿ, ಬಸ್ಸು, ಕಾಲ್ನಡಿಗೆಯಲ್ಲಿ ಹೇಗೋ ಮನೆ ಮುಟ್ಟಿದ್ದರಂತೆ. ದಾರಿಯಲ್ಲಿ ಹಿಡಿದ ಕೆಮ್ಮು ಬಿಡಲಿಲ್ಲ. ಯುದ್ಧ ಮುಗಿದ ಸುದ್ದಿ ಕೇಳಿ, ಅದಾದ ಎರಡು ವಾರಕ್ಕೆ ತೀರಿಕೊಂಡರಂತೆ.

ನಾನು ಯಾರೆಂದು ತಿಳಿದ ಕೂಡಲೇ ಆ ಮಗ ಎದ್ದು ನಿಂತ. "ಆಪ್ ಹೀ ಹೈಂ?", ನೀವೇನಾ, ಎಂದು ಕೇಳಿ, ತಂದೆ ಹೇಳುತ್ತಿದ್ದ ಮಾತನ್ನೇ ಉರ್ದುವಿನಲ್ಲಿ ಹೇಳಿದ. "ಕುವೈತಿನಲ್ಲಿ ನಮ್ಮ ಊರಿನ ಹುಡುಗಿಯೊಬ್ಬಳಿದ್ದಳು. ಎಲ್ಲರೆದುರು ನನ್ನನ್ನು ಮಾವ ಎಂದಳು. ಜೊತೆಗೆ ಊರಿಗೆ ಬನ್ನಿ ಎಂದು ಕೈ ಹಿಡಿದು ಎಳೆದಳು. ನಿಮ್ಮನ್ನೆಲ್ಲ ಬಿಟ್ಟು ಹೋಗಲಾರದೆ ನಾನೇ ಒಪ್ಪಲಿಲ್ಲ." ಮನೆಗೆ ಬಂದವರಿಗೆಲ್ಲ ಅವರು ಹೀಗೆ ಹೇಳುತ್ತಿದ್ದರಂತೆ, ಕೊನೆಯ ವಾರದವರೆಗೂ.

"ಅಬ್ಬಾನನ್ನು ಅವರ ಊರಿನವರು ಒಬ್ಬರಾದರೂ ಕರೆದರಲ್ಲ, ನಮಗೆ ಅಷ್ಟು ಸಾಕು" ಎಂದು ಅವನು ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದ.

ಕಚೇರಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಆಗಲೂ ಅಲ್ಲ ಎನ್ನಲಿಲ್ಲ.