ಮೇಜುಬಟ್ಟೆ ನೇಯುವ ಕಳಕವ್ವ

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಮೊದಲ ಗಾಡಿ ಹೊರಡುವ ಹೊತ್ತಿಗೆ ಕಳಕವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಾಗಿರುತ್ತದೆ. ಕೋಟೆಯ ಗುಡ್ಡದ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಲಾಳಿ ಅತ್ತ ಹೋಗಿ ಇತ್ತ ಬರುತ್ತದೆ. ನಡುವೆ ಸದ್ದು ನಿಂತರೆ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಾರೆ ಎಂದು ಓಣಿಯವರು ತಿಳಿದುಕೊಳ್ಳುತ್ತಾರೆ. ಈ ವಾರ ಮಗ್ಗದ ಮೇಲೆ ಸೀರೆಯಿಲ್ಲ. ಬಣ್ಣವಾಗಲಿ ಅಂಚಾಗಲಿ ಇಲ್ಲದ ಬಿಳಿ ಬಟ್ಟೆಯೊಂದು ಗೇಣುಗೇಣಾಗಿ ಬೆಳೆಯುತ್ತಿದೆ.

ಪಕ್ಕದ ಮನೆಯ ಮುಮತಾಜಬಿ ನೂಲು ಸುತ್ತಿಕೊಡಲು ಬಂದವರು ಬಾಗಿಲಲ್ಲೇ ತಕರಾರು ತೆಗೆಯುತ್ತಾರೆ.

"ಸೀರಿ ಬಿಟ್ಟು ಇದನ್ನ ನೇಯ್ಕೋತ ಕುಂತರ ಸಾವ್ಕಾರ ಸುಮ್ಮ ಇರ್ತಾನೇನ?"

"ಬೈದ್ರ ಬೈಲಿ ಬಿಡ. ಮುಶಿಗೇರ್ಯಾಗಿನ ಹಳೇ ಬಟ್ಟಿ ಜಾಳಜಾಳ ಆಗೇತಿ. ಐತವಾರ ಮುಟ್ಟಿಸಬೇಕು," ಎನ್ನುತ್ತಾರೆ ಕಳಕವ್ವ.

ಇದು ಪ್ರಾರ್ಥನೆಯ ಮೇಜಿಗೆ ಹಾಸುವ ಬಟ್ಟೆ. ಕಳಕವ್ವ 'ವಲಸಿಗರ ಸಭೆ'ಗೆ ಸೇರಿದವರು. ಹಿಂದೆಂದೋ ಯುರೋಪಿನ ಬಡ ರೈತರು ತಮ್ಮ ಊರಿನ ಚರ್ಚಿನ ದೊಡ್ಡವರೊಂದಿಗೆ ಮುನಿಸಿಕೊಂಡು ಹಡಗು ಹತ್ತಿ ಅಮೆರಿಕಕ್ಕೆ ಹೋದರಂತೆ. ಗೋಪುರ, ಗಂಟೆ ಎಲ್ಲ ಹಿಂದೆ ಉಳಿದವು. ಗಂಟಿನಲ್ಲಿದ್ದದ್ದು ಒಂದು ಬಿಳಿ ಬಟ್ಟೆ. ಅದನ್ನು ಯಾರದೋ ಮನೆಯ ಮೇಜಿಗೆ ಹಾಸಿ, ಸುತ್ತ ಕೂತು, ರೊಟ್ಟಿ ಮುರಿದು ಹಂಚಿಕೊಂಡರು. ಅಷ್ಟೇ ಅವರ ಚರ್ಚು. ಆ ಸಭೆಯ ಗಂಡಹೆಂಡತಿ ಇಬ್ಬರು ಗಜೇಂದ್ರಗಡಕ್ಕೆ ಬಂದು ಬಾಡಿಗೆ ಮನೆ ಹಿಡಿದಾಗ ಕಳಕವ್ವನ ಅಜ್ಜ ಅವರಿಗೆ ಬಟ್ಟೆ ನೇಯ್ದುಕೊಟ್ಟರು. ಬಟ್ಟೆ ಕೊಡಲು ಹೋದವರು ಮೇಜಿನ ಮುಂದೆ ಕೂತರು, ಮತ್ತೆ ಏಳಲಿಲ್ಲ, ಸಭೆಯವರೇ ಆಗಿಹೋದರು.

ಊರ ಜನ ಇವರನ್ನು 'ಮೇಜಿನವರು' ಎಂದು ಕರೆದರು. ಸಭೆಯವರು ಯಾರ ಹೆಸರನ್ನೂ ಬದಲಿಸಲಿಲ್ಲ. ಹೀಗಾಗಿ ಊರ ಹತ್ತಿರದ ಶಿವ ಕಾಲಕಾಲೇಶ್ವರನ ಹೆಸರು ಹೊತ್ತ ಕಳಕವ್ವ ಯೇಸುವಿಗೆ ಪ್ರಾರ್ಥಿಸುತ್ತಾರೆ. ಅದರಲ್ಲಿ ವಿಚಿತ್ರವೇನಿದೆ ಎಂದು ಅವರಿಗೆ ಇವತ್ತಿಗೂ ತಿಳಿಯುವುದಿಲ್ಲ.

ಸಭೆ ಬೆಳೆದ ಬಗೆ ಮಾತ್ರ ಖರೇ ವಿಚಿತ್ರ. ಗುಡಿ ಕಟ್ಟಿದರೆ ಗುಡಿಗೊಬ್ಬ ಒಡೆಯ ಹುಟ್ಟುತ್ತಾನೆ ಎಂದು ಹಿರಿಯರಿಗೆ ಹೆದರಿಕೆ. ಆದ್ದರಿಂದ ಪಡಸಾಲೆ ತುಂಬಿತೆಂದರೆ ಮೇಜು ಒಡೆಯಬೇಕು. ಅರ್ಧ ಮಂದಿ ಹೊಸ ಬಟ್ಟೆ ಹಿಡಿದು ಬೇರೆ ಮನೆಗೆ, ಬೇರೆ ಊರಿಗೆ ಹೋಗಬೇಕು. ಮದುವೆಯಾಗಿ ಹೋಗುವ ಹೆಣ್ಣುಮಗಳ ಟ್ರಂಕಿನಲ್ಲೂ ಒಂದು ಬಟ್ಟೆ. ಹೀಗೆ ರೋಣಕ್ಕೆ ಹೋಯಿತು, ನರಗುಂದಕ್ಕೆ ಹೋಯಿತು, ಹೆಸರು ಕೇಳಿರದ ಹಳ್ಳಿಗಳಿಗೂ ಹೋಯಿತು. ಮೇಜೇ ಇಲ್ಲದ ಮನೆಗಳಲ್ಲಿ ಕಾಳಿನ ಡಬ್ಬಿಗಳ ಮೇಲೆ ಹಲಗೆಯಿಟ್ಟು ಬಟ್ಟೆ ಹಾಸಿದರು. ಅಜ್ಜನ ನಂತರ ಅಪ್ಪ, ಅಪ್ಪನ ನಂತರ ಕಳಕವ್ವ. ಎಲ್ಲ ಮೇಜಿಗೂ ಬಟ್ಟೆ ಹೋದದ್ದು ಇದೇ ಕುಣಿಯಿಂದ.

"ಆವಾಗ ಎಷ್ಟು ನೇಯ್ದರೂ ಸಾಲ್ತಿದ್ದಿಲ್ರಿ," ಎಂದು ಅವರು ನೆನೆಯುತ್ತಾರೆ. "ಇಲ್ಲಿ ಹೊಸಾ ಮೇಜ ಅಂತಿದ್ರು, ಅಲ್ಲಿ ಹೊಸಾ ಮೇಜ ಅಂತಿದ್ರು. ನಂಗ ಭಾಳ ಸೊಕ್ಕು ಬಂದಿತ್ತು. ಜಗತ್ತಿಗೆಲ್ಲಾ ನಾನ ಹಾಸ್ತೀನಿ ಅನ್ಕೊಂಡಿದ್ದೆ."

ಆ ಸೊಕ್ಕು ಈಗ ಅವರನ್ನು ಒಳಗೊಳಗೇ ತಿನ್ನುತ್ತಿದೆ. ಸಭೆಗೆ ಇನ್ನೊಂದು ಕಟ್ಟಳೆಯೂ ಇದೆ. ದೀಕ್ಷಾಸ್ನಾನವಾದ ಮೂವರು ಕೂಡದೆ ಬಟ್ಟೆ ಹಾಸುವಂತಿಲ್ಲ, ರೊಟ್ಟಿ ಮುರಿಯುವಂತಿಲ್ಲ. ಒಡೆದು ಒಡೆದು ಮೇಜುಗಳು ಸಣ್ಣವಾದವು. ಒಂದು ಮನೆಯವರು ದುಡಿಯಲು ಊರು ಬಿಟ್ಟರೆ, ಒಬ್ಬ ಮುದುಕ ತೀರಿಕೊಂಡರೆ ಆಯಿತು, ಬಾಗಿಲು ಹಾಕಿದ ಹಾಗೆ. ಮುಚ್ಚಿದ ಮೇಜಿನ ಬಟ್ಟೆ ನೇಯ್ದವರ ಮನೆಗೇ ಮರಳಬೇಕು. ಗಜೇಂದ್ರಗಡದ ಮೂಲ ಮೇಜೂ ಉಳಿಯಲಿಲ್ಲ. ಅಲ್ಲಿಂದ ಎಷ್ಟು ಮಂದಿಯನ್ನು ಹೊರಗೆ ಕಳಿಸಿದರೆಂದರೆ, ಕೊನೆಗೆ ಕಳಕವ್ವ ಒಬ್ಬರೇ ಮಿಕ್ಕರು.

ನರಗುಂದದ ಬಟ್ಟೆಯನ್ನು ತಂದುಕೊಟ್ಟದ್ದು ಸ್ವಂತ ಮಗಳು ದೇವಿಕಾ. "ತೊಳದು, ಇಸ್ತ್ರಿ ಮಾಡಿ ತಂದಿದ್ಲು. ಹರಕು ತಂದಿದ್ರ ಇಷ್ಟು ಸಂಕಟ ಆಗ್ತಿದ್ದಿಲ್ಲ," ಎನ್ನುವಾಗ ಕಳಕವ್ವ ಮುಖವನ್ನು ಮಗ್ಗದ ಕಡೆ ತಿರುಗಿಸುತ್ತಾರೆ. ಮರಳಿ ಬಂದ ಬಟ್ಟೆಗಳು ಗೋಡೆಗೆ ಒತ್ತಿದ ಪೆಟ್ಟಿಗೆಯಲ್ಲಿವೆ. ಮುಚ್ಚಳ ಈಗ ಪೂರ್ತಿ ಕೂಡುವುದಿಲ್ಲ. "ನಾ ನೇಯ್ದದ್ದು ಸಭಾ ಕೂಡಸಾಕ ಅಂತ ತಿಳಕೊಂಡಿದ್ದೆ. ಹರಿಯಾಕ ನೇಯ್ದೆ. ಹೊಸಾ ಬಟ್ಟಿ ಕೈಯಾಗ ಕೊಟ್ಟು ಕೊಟ್ಟು ಎಲ್ಲಾರ್ನೂ ನಾನ ಮನಿ ಬಿಡಿಸಿ ಕಳಿಸಿದೆ."

ಆ ಮಾತಿನಲ್ಲಿ ಸುಳ್ಳೂ ಇಲ್ಲ.

ಈ ಸೀಮೆಯಲ್ಲಿ ಉಳಿದಿರುವುದು ಮುಶಿಗೇರಿಯ ಮೇಜು ಒಂದೇ. ಅಲ್ಲಿನ ಹಿರಿಯರು ಅರ್ಜುನಪ್ಪ, ಜೊತೆಗೆ ಸೊಸೆ ಭಾಗ್ಯಾ. ಭಾಗ್ಯಾಳ ಗಂಡ ಪ್ರಾರ್ಥನೆಯ ಕಡೆ ತಲೆ ಹಾಕುವವನಲ್ಲ. ಮಗಳು ಇನ್ನೂ ಸಾಲಿಗೆ ಹೋಗುವ ಕೂಸು, ದೀಕ್ಷಾಸ್ನಾನ ಆಗಿಲ್ಲ, ಎಣಿಕೆಗೆ ಬರುವುದಿಲ್ಲ. ಮೂರನೆಯವರಾಗಲು ಕಳಕವ್ವ ಪ್ರತಿ ಐತವಾರ ಬಸ್ಸು ಹತ್ತುತ್ತಾರೆ. ಜ್ವರವಿದ್ದಾಗಲೂ ಹೋಗಿದ್ದಾರೆ, ಅಳಿಯ ತೀರಿಕೊಂಡ ವಾರವೂ ಹೋಗಿದ್ದಾರೆ. ತಾವು ತಪ್ಪಿಸಿದರೆ ಮೇಜು ತಪ್ಪುತ್ತದೆ ಎನ್ನುವ ಒಂದೇ ಹಟ.

ಈ ಐತವಾರವೂ ಹೊಸ ಬಟ್ಟೆಯನ್ನು ಎದೆಗವಚಿಕೊಂಡು ಮುಶಿಗೇರಿಯಲ್ಲಿ ಇಳಿಯುತ್ತಾರೆ. ಅರ್ಜುನಪ್ಪ ಸ್ನಾನ ಮಾಡಿ ಕಾದು ಕೂತಿದ್ದಾರೆ. ಜೋಳದ ರೊಟ್ಟಿ, ಬೆಲ್ಲದ ಪಾನಕ ತಯಾರಿದೆ. ಭಾಗ್ಯಾ ಮಾತ್ರ ಹೊರಗೆ ಹೋಗುವ ಸೀರೆಯುಟ್ಟು, ಮಗಳಿಗೆ ರಿಬ್ಬನ್ ಕಟ್ಟುತ್ತಾ ನಿಂತಿದ್ದಾಳೆ.

"ಎವ್ವಾ, ಸಿಟ್ಟಾಗಬ್ಯಾಡ್ರಿ," ಎಂದು ಅವಳೇ ಬಾಯಿ ತೆಗೆಯುತ್ತಾಳೆ. "ಇವತ್ತಿನಿಂದ ನಾವು ರೋಣದ ದೊಡ್ಡ ಪ್ರಾರ್ಥನಾ ಹಾಲಿಗೆ ಹೊಂಟೀವಿ. ಮುಂದ ಅಲ್ಲೇ ಹೋಗೂದು."

"ಇಲ್ಲೇನ ಕಡಿಮ್ಯಾಗೇತಿ ತಂಗಿ?"

"ಮಂದಿ ಕಡಿಮ್ಯಾಗೇತ್ರಿ. ಯೇಸುಸ್ವಾಮಿ ಬರೇ ಮುದುಕರ ದೇವರೇನವ್ವಾ ಅಂತ ನನ್ನ ಮಗಳು ಕೇಳಿದ್ಲು. ನಾ ಏನ ಹೇಳ್ಲಿ? ಅಲ್ಲಿ ಆಕಿ ವಾರಗಿ ಹುಡುಗ್ಯಾರು ಅದಾರ. ಹಾಡತಾರ, ಕೈ ಹಿಡಕೊಂಡು ಆಡತಾರ."

ಕಳಕವ್ವನಿಗೆ ಸಿಟ್ಟು ಬರಬೇಕಿತ್ತು, ಬರುವುದಿಲ್ಲ. ತಾವೂ ತಾಯಿಯೇ. ತಡವರಿಸುತ್ತಾ ಹೊಸ ಬಟ್ಟೆಯನ್ನು ಮುಂದೆ ಚಾಚುತ್ತಾರೆ. ಮೇಜು ಬಿಟ್ಟು ಹೋಗುವವರ ಕೈಗೆ ಬಟ್ಟೆ ಕೊಡುವುದಷ್ಟೇ ಆ ಕೈಗಳಿಗೆ ಗೊತ್ತು.

"ಅಲ್ಲಿ ಮೇಜೇ ಇಲ್ರಿ ಎವ್ವಾ, ಬರೇ ಕುರ್ಚಿ," ಎನ್ನುತ್ತಾಳೆ ಭಾಗ್ಯಾ. ಹಾಗೆಂದು ಕಳಕವ್ವನ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು, ಮಗಳ ಕೈ ಹಿಡಿದು ಬಸ್ಸಿಗೆ ನಡೆಯುತ್ತಾಳೆ.

ಪಡಸಾಲೆಯಲ್ಲಿ ಇಬ್ಬರು ಉಳಿಯುತ್ತಾರೆ. "ಒಂದು ವಾರ ಹಾಸೂಣಲ್ಲ ಅಣ್ಣಾ, ಯಾರ ನೋಡ್ತಾರ?" ಎಂದು ಕಳಕವ್ವ ಕೇಳಿಯೇಬಿಡುತ್ತಾರೆ. ಅರ್ಜುನಪ್ಪ ಬಾಗಿಲ ಕಡೆ ನೋಡಿ ತಲೆ ಅಲ್ಲಾಡಿಸುತ್ತಾರೆ. "ಹಿರ್ಯಾರು ಹಾಕಿದ್ದನ್ನ ನಾ ಮುರದ್ರ ನನಗ ಉಳದದ್ದರ ಏನೈತಿ, ಕಳಕವ್ವಾ?" ರೊಟ್ಟಿಯನ್ನು ಬರೀ ಊಟವೆಂದು ತಿನ್ನುತ್ತಾರೆ. ಮೇಜು ಬರಿದಾಗಿಯೇ ಇರುತ್ತದೆ.

ಸೋಮವಾರ ಮುಮತಾಜಬಿ ವಿಷಯ ಕೇಳಿ ನೂಲು ಸುತ್ತುವುದನ್ನು ನಿಲ್ಲಿಸುತ್ತಾರೆ. "ನಾ ಬಂದು ಸುಮ್ಮ ಕುಂದರ್ತೀನಿ ತಗೋ. ಮೂರ ಆಕ್ಕೈತಿ."

"ನೀ ಎಣಿಕಿಗೆ ಬರೂದಿಲ್ಲ ಮುಮತಾಜ. ಬಂದ್ರ ನಿನಗೂ ನಿಮ್ಮವರ ಬಾಯಾಗ ಮಾತ. ಬ್ಯಾಡ."

ಮುಂದಿನ ಐತವಾರ ಏನು ಮಾಡುತ್ತೀರಿ ಎಂದು ಕೇಳಿದರೆ ಕಳಕವ್ವ, ಮತ್ತೇನು, ಬಸ್ಸು ಹತ್ತುತ್ತೇನೆ ಎನ್ನುತ್ತಾರೆ. ಇಬ್ಬರೇ ಆದರೂ ಹೋಗುವುದೇ. ಬಟ್ಟೆ ಹಾಸುವಂತಿಲ್ಲದಿದ್ದರೂ ಹೋಗುವುದೇ. ದೇವರಲ್ಲಿ ಏನು ಬೇಡಿಕೊಳ್ಳುತ್ತೀರಿ ಎಂದರೆ ಮಾತ್ರ ತುಸು ನಾಚಿಕೊಳ್ಳುತ್ತಾರೆ.

"ದೊಡ್ಡದೇನ ಕೇಳೂದಿಲ್ರಿ. ಸಭಾ ಬೆಳಸು ಅಂತ ಕೇಳೂದು ಬಿಟ್ಟೀನಿ. ಆಂವಗೂ ವಯಸ್ಸಾಗಿರಬೇಕಲ್ರಿ, ಕಣ್ಣು ಮಂಜಾಗಿರಬೇಕು. ಒಂದು ಐತವಾರ ಎಣಿಕಿ ತಪ್ಪಿ, ನಮ್ಮಿಬ್ಬರನ್ನ ಮೂರು ಅಂತ ಎಣಿಸಿಬಿಡ್ಲಿ."