ಕುಂಬಳದ ಹೂವಿನ ತಿಂಗಳು

ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಹೂ ಮಾರುವ ಹೆಂಗಸರು ಸೇವಂತಿಗೆಯ ನಡುನಡುವೆ ಕಾಮಕಸ್ತೂರಿಯ ಕುಡಿ ಸೇರಿಸಿ ಮಾಲೆ ಕಟ್ಟುತ್ತಾರೆ. ಆ ವಾಸನೆಗೆ ಬೇರೆಯವರಿಗೆ ಗುಡಿಯೋ ಮದುವೆ ಮನೆಯೋ ನೆನಪಾಗುತ್ತಿರಬೇಕು. ನನಗೆ ಮಾತ್ರ ಕಾದ ಎಣ್ಣೆ, ಒಡೆದ ಹಾಲು, ಅಂಗಿಯ ತುಂಬ ಮೈದಾ ಚೆಲ್ಲಿಕೊಂಡು ಒಲೆಯ ಮುಂದೆ ನಿಂತ ನಮ್ಮಪ್ಪ ನೆನಪಾಗುತ್ತಾನೆ, ಹಿಂದೆಯೇ ಸಿಟ್ಟು ಬರುತ್ತದೆ. ಇಪ್ಪತ್ತು ವರ್ಷ ಮೀರಿದ ಸಿಟ್ಟು ಅದು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಕೆಡಿಸಿಟ್ಟು, ಬೈಯಬೇಕೆಂದು ಹತ್ತಿರ ಹೋದರೆ ನಗುತ್ತ ತಟ್ಟೆ ಮುಂದೆ ಹಿಡಿಯುವವರು. ಅಂಥವರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ.

ಅಪ್ಪ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟರ್. ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಹೊಸ ಶತಮಾನ ಬಂತೆಂದು ಟಿವಿಯವರೆಲ್ಲ ಕುಣಿಯುತ್ತಿದ್ದ ವರ್ಷ, ಕಾರ್ಖಾನೆಗೆ ಇಟಲಿಯಿಂದ ಒಂದು ಯಂತ್ರ ಬರುವುದಿತ್ತು. ಅದನ್ನು ನಡೆಸಲು ಕಲಿತು ಬಾ ಎಂದು ಅಪ್ಪನನ್ನು ಮೂರು ತಿಂಗಳು ಅಲ್ಲಿಗೆ ಕಳಿಸಿದರು. ಅಪ್ಪ ಹುಟ್ಟಾ ಶಾಕಾಹಾರಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಅವನಿಗೆ ಕೋಣೆ ಬಾಡಿಗೆ ಕೊಟ್ಟ ಮುದುಕಿಗೆ ಮೀನೂ ಬೇಡ ಅನ್ನುವ ಮನುಷ್ಯನಿಗೆ ಏನು ಬಡಿಸಬೇಕೋ ತಿಳಿಯದೆ, ಹಿತ್ತಲಿನ ಕುಂಬಳದ ಜಾತಿಯ ಹೂಗಳಲ್ಲಿ ಗಿಣ್ಣಿನಂಥದ್ದೇನೋ ತುಂಬಿ ಕರಿದು ಕೊಟ್ಟಳಂತೆ. ಅಪ್ಪ ಮೂರು ತಿಂಗಳು ಅದನ್ನೇ ತಿಂದು ಬದುಕಿ ಬಂದ. ಸೂಟ್‌ಕೇಸಿನಲ್ಲಿ ನಮಗೆ ಚಾಕೊಲೇಟು ಬಂದಿರಬೇಕೆಂದು ಕಾದದ್ದೇ ಬಂತು. ಒಂದು ಚಹಾದ ಲೋಟವನ್ನೂ ತಾನಾಗಿ ತೊಳೆದಿಟ್ಟವನಲ್ಲ, ಅಡುಗೆ ಕಲಿತು ಬಂದಿದ್ದ.

ಅವ್ವನ ಅಡುಗೆಮನೆ ಅಂದಿನಿಂದ ಅವ್ವನದಾಗಿ ಉಳಿಯಲಿಲ್ಲ. ಲೀಟರುಗಟ್ಟಲೆ ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ, ತನ್ನ ಹೊಸ ಪಂಚೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕುತ್ತಿದ್ದ. ನಾವು ಹಲ್ಲುಜ್ಜಲು ಹೋದರೆ ಹಾಲಿನ ನೀರು ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಗಿಣ್ಣಿಗೆ ಉಪ್ಪು, ಮೆಣಸಿನ ಪುಡಿ, ಸಣ್ಣಗೆ ಹರಿದ ಕಾಮಕಸ್ತೂರಿ. ಮುದುಕಿಯ ಹಿತ್ತಲಲ್ಲಿದ್ದ ಸೊಪ್ಪು ನಮ್ಮ ಹೆಂಗಸರು ಮುಡಿಯುವ ಕಾಮಕಸ್ತೂರಿಯ ಅಕ್ಕನೇ ಎಂದು ವಾಸನೆಯಿಂದಲೇ ಪತ್ತೆಹಚ್ಚಿದ್ದ, ಅದಕ್ಕಾಗಿ ಅವನಿಗೆ ಬಲು ಹೆಮ್ಮೆ. ಹೂವಿನೊಳಗೆ ಎರಡು ಬೆರಳು ಇಳಿಸಿ ನಡುವಿನ ಹಳದಿ ದಂಟನ್ನು ಮುರಿದು ತೆಗೆಯಬೇಕು, ಇರುವೆ ಇದ್ದರೆ ಊದಬೇಕು, ಚಮಚದಷ್ಟು ಗಿಣ್ಣು ತುಂಬಿ ಎಸಳುಗಳ ತುದಿಯನ್ನು ಜುಟ್ಟಿನಂತೆ ತಿರುಚಬೇಕು. ಹಿಟ್ಟು ಮೈದಾದ್ದೇ ಆಗಬೇಕು, ಅದನ್ನು ಕಲಸಲು ನೀರು ಸಲ್ಲದು, ಗೋಲಿ ಸೋಡಾ ಬೇಕು, ಅದೂ ತಣ್ಣಗಿನದು. ಅಂಗಡಿಗೆ ಓಡುವ ಕೆಲಸ ನನ್ನದು. ಕಡಲೆಹಿಟ್ಟಿನಲ್ಲಿ ಅದ್ದಿದರೆ ಇನ್ನೂ ರುಚಿಯಲ್ಲವೇ ಎಂದು ಅವ್ವ ಒಮ್ಮೆ ಕೇಳಿದ್ದಕ್ಕೆ, ಆಗ ಅದು ಭಜಿಯಾಗುತ್ತದೆ ಎಂದು ಅರ್ಧ ತಾಸು ಪಾಠ ಹೇಳಿದ. ತಿಂದವರಿಗೆಲ್ಲ ಅದು ಭಜಿಯೇ. ಖರೇ ಹೇಳಬೇಕೆಂದರೆ ಚೆನ್ನಾಗಿಯೇ ಇರುತ್ತಿತ್ತು. ಹೊರಗೆ ಗರಿಗರಿ, ಒಳಗೆ ಹಾಲಿನ ಮೆದು, ನಡುವೆ ಹೂವಿನದೊಂದು ಹಸಿ ಘಮ. ಅದನ್ನು ಆಗ ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಮತ್ತೆರಡು ಲೀಟರು ಹಾಲು ಒಡೆಯುತ್ತಿತ್ತು.

ಹೂವು ಬರುತ್ತಿದ್ದದ್ದು ಖಾನಾಪುರದಿಂದ. ಅಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಿರಿಯ ಮಗ ಕಾಕಾ ಮತ್ತು ಸೊಸೆ ಕಾಕುವಿನ ಜೊತೆ ಇದ್ದಳು. ಹಂಚಿನ ಮನೆ, ಹಿಂದೆ ಹಿತ್ತಲು, ಹಿತ್ತಲಿನ ಚಪ್ಪರದ ಮೇಲೆ ಆಯಿಯ ಕುಂಬಳ. ಆ ಬೀಜವನ್ನು ಅವಳು ಲೋಂಡಾದ ಕಡೆಯ ತವರಿನಿಂದ ಮದುವೆಯಾಗಿ ಬರುವಾಗ ಸೆರಗಿನ ಗಂಟಿನಲ್ಲಿ ತಂದಿದ್ದಳು. ತವರಲ್ಲಿ ಈಗ ಯಾರೂ ಉಳಿದಿರಲಿಲ್ಲ, ಉಳಿದದ್ದು ಈ ಬಳ್ಳಿಯೊಂದೇ. ಕಾಯಿ ನೋಡಲು ಸಣ್ಣದು, ಒಳಗೆ ಕೆಂಪಗೆ, ನೀರಿಲ್ಲದ ಗಟ್ಟಿ ತಿರುಳು. ಮಹಾನವಮಿಗೆ ಅವಳು ಅದರ ತಿರುಳು ಕಲಸಿ ಸಿಹಿ ಗಾರಿಗೆ ಕರಿದರೆ ಬೆಲ್ಲ ಹೆಸರಿಗಷ್ಟೇ ಬೇಕಾಗುತ್ತಿತ್ತು. ಪ್ರತಿವರ್ಷ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟಿಡುತ್ತಿದ್ದಳು. ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಕೈಗೆ ಹೊಡೆಯುತ್ತಿದ್ದಳು, ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸಬೇಕು. ಪಲ್ಯಕ್ಕೆ ಹೂ ಕಿತ್ತರೂ ಕಾಯಿ ಕಟ್ಟದ, ಉದ್ದ ತೊಟ್ಟಿನ ಗಂಡುಹೂವನ್ನಷ್ಟೇ ಕೀಳುತ್ತಿದ್ದಳು. ಆ ವರ್ಷ ಇಲಿಗಳು ಗೋಡೆಯ ಸಗಣಿ ಕೆದರಿ ಬೀಜ ತಿಂದು, ಉಳಿದ ಎರಡು ಮೂರರಲ್ಲಿ ಒಂದೇ ಒಂದು ಬಳ್ಳಿ ಮೇಲೆದ್ದಿತ್ತು. ಇದನ್ನು ಆಯಿ ಅಪ್ಪನಿಗೆ ಎರಡು ಸಲ ಹೇಳಿದ್ದಳು. ಅಪ್ಪ ಎರಡು ಸಲವೂ ಹೂಂ ಎಂದಿದ್ದ. ಹೂಂ ಅನ್ನುವಾಗ ಅವನ ಚಿತ್ತ ಎಲ್ಲಿತ್ತೋ ಶಿವನೇ ಬಲ್ಲ.

ಮಳೆ ಇಳಿದು ಬಳ್ಳಿ ಮಿಡಿ ಹಿಡಿಯುವ ಹೊತ್ತಿಗೆ ಸರಿಯಾಗಿ ಆಯಿಯ ಕಣ್ಣಿನ ಪೊರೆ ತೆಗೆಸಲು ಅವಳನ್ನು ಬೆಳಗಾವಿಯ ನಮ್ಮ ಮನೆಗೆ ಕರೆತಂದೆವು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಸುಕು. ಜಗಿಯುವುದು ಬೇಡ, ಗಂಜಿ ಕುಡಿಸಿ ಎಂದು ಡಾಕ್ಟರು ಹೇಳಿದ್ದರು. ಅಪ್ಪನಿಗೆ ಆ ತಿಂಗಳು ಎರಡನೆಯ ಪಾಳಿ. ದಿನ ಬಿಟ್ಟು ದಿನ ನಸುಕಿನಲ್ಲೇ ಸ್ಕೂಟರ್ ಹತ್ತಿ ಖಾನಾಪುರಕ್ಕೆ ಹೋಗಿ, ಹೂ ಮುಚ್ಚಿಕೊಳ್ಳುವ ಮೊದಲೇ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ. ಇಟಲಿಯ ಸಂತೆಯಲ್ಲಿ ಬುಡದಲ್ಲಿ ಎಳೆಗಾಯಿ ಅಂಟಿಕೊಂಡ ಹೂವೇ ಶ್ರೇಷ್ಠವೆಂದು ಮಾರುತ್ತಿದ್ದರಂತೆ. ಇವನೂ ಅಂಥವನ್ನೇ ಹುಡುಕಿ ಕಿತ್ತ, ನಾಳೆ ಅರಳುವ ಮೊಗ್ಗನ್ನೂ ಬಿಡಲಿಲ್ಲ. ಎಲ್ಲ ಮಿಡಿ ಕಿತ್ತು ತಂದರೆ ಹೇಗೆ ಎಂದು ಅವ್ವ ಕೇಳಿದಳು, ಬಳ್ಳಿಗೆ ನೂರು ಬಿಡುತ್ತವೆ ಅಂದ. ಕಾಕು ಸುಮ್ಮನಿದ್ದಳು, ಹಿರಿಯ ಭಾವ ತಾಯಿಗಾಗಿ ಒಯ್ಯುತ್ತಿದ್ದಾನೆ ಎಂದುಕೊಂಡು. ಆಯಿ ಮಂಚದ ಮೇಲೆ ಕೂತು ಕರಿಯುವ ವಾಸನೆಯನ್ನಷ್ಟೇ ಕುಡಿಯುತ್ತ ಮೂರು ವಾರ ಕಳೆದಳು. ನಾಲ್ಕನೆಯ ವಾರ ಡಾಕ್ಟರು ಊಟಕ್ಕೆ ಅಪ್ಪಣೆ ಕೊಟ್ಟ ದಿನ ಅಪ್ಪ ತಾನೇ ತಟ್ಟೆ ತಂದು ಅವಳ ಕೈಗೆ ಒಂದು ಹೂವಿಟ್ಟ. ಆಯಿ ಮೆಲ್ಲಗೆ ತಿಂದಳು, ಬಾಳ ಚೊಲೊ ಆಗಿದೆ ಎಂದಳು. ಆಮೇಲೆ ಕೇಳಿದಳು.

"ತಮ್ಮಾ, ಬುಡಕ್ಕ ಕರಕರ ಅಂತೇತಲ್ಲ, ಏನಿದು?"

"ಮಿಡಿ, ಅವ್ವಾ. ಅದರಾಗನ ಖರೇ ರುಚಿ ಇರೂದು."

ಆಯಿಯ ದವಡೆ ನಿಂತಿತು. "ಎಷ್ಟ ತಂದಿ?"

"ಇದ್ದಷ್ಟೂ ತಂದೀನಿ. ತಿಂಗಳಿಂದ ಅವನ್ನ ಹುಡಕಿ ಹುಡಕಿ ತರಾಕತ್ತೀನಿ."

ಬಾಯಲ್ಲಿದ್ದುದನ್ನು ಅವಳು ಉಗುಳಲಿಲ್ಲ. ನಿಧಾನವಾಗಿ ಜಗಿದು, ನುಂಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಂಗಾರ ಬೀಜ ಹೋತು," ಎಂದಳು, ಅಷ್ಟೇ. ಅಪ್ಪ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಮರುದಿನ ಎಲ್ಲರೂ ಖಾನಾಪುರಕ್ಕೆ ಹೋಗಿ ನೋಡಿದೆವು. ಬಳ್ಳಿಯ ಹುರುಪು ಮುಗಿದು ಎಲೆಗಳಿಗೆ ಬೂದಿರೋಗ ಹತ್ತಿತ್ತು. ಆಮೇಲೆ ಬಿಟ್ಟ ಎರಡು ಮಿಡಿ ಹಳದಿಯಾಗಿ ಉದುರಿದವು. ಆಯಿ ಒಂದು ಕಣ್ಣಿನಿಂದ ಚಪ್ಪರವನ್ನು ಬಹಳ ಹೊತ್ತು ನೋಡಿದಳು, ಮಗನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯದ ತಾಯಿಯನ್ನು ಹೊತ್ತುಕೊಂಡು ಆತ ಮುಂದಿನ ಏಳು ವರ್ಷ ನಮ್ಮೆಲ್ಲರ ಪ್ರಾಣ ತಿಂದ.

ಹೂ ಕರಿಯುವುದು ನಿಂತು ಆಯಿಯ ತಳಿಯ ಕುಂಬಳ ಹುಡುಕುವುದು ಶುರುವಾಯಿತು. ಲೋಂಡಾದ ಸುತ್ತಿನ ಹಳ್ಳಿಗಳು, ಖಾನಾಪುರದ ಸಂತೆ, ಹಿಂಡಲಗಾದ ಗದ್ದೆಗಳು, ಎಲ್ಲಿ ಕೆಂಪು ಕುಂಬಳ ಕಂಡರೂ ಸ್ಕೂಟರಿನ ಮೇಲೆ ಹೇರಿಕೊಂಡು ಬರುತ್ತಿದ್ದ. ಮಂಚದ ಕೆಳಗೆ ಕುಂಬಳ, ನನ್ನ ಪುಸ್ತಕದ ಕಪಾಟಿನ ಮೇಲೆ ಕುಂಬಳ. ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಈಳಿಗೆ ಹಾಕಬಾರದೆಂಬ ರೂಢಿ ಬೇರೆ, ಹೀಗಾಗಿ ಹಿಟ್ಟು ಬೆಲ್ಲ ಸಿದ್ಧಮಾಡಿಟ್ಟು ಅವ್ವ ಅವನ ಪಾಳಿ ಮುಗಿಯುವ ತನಕ ಕಾಯುತ್ತಿದ್ದಳು. ಗಾರಿಗೆಯ ಡಬ್ಬಿ ಹಿಡಿದು ಎಲ್ಲರೂ ಖಾನಾಪುರಕ್ಕೆ ಹೊರಡಬೇಕು, ಆಯಿ ಒಂದು ಚೂರು ಮುರಿದು ಬಾಯಿಗಿಟ್ಟು, ಇದಲ್ಲ ತಮ್ಮಾ ಎನ್ನಬೇಕು, ಬಂದ ದಾರಿಗೆ ಸುಂಕವಿಲ್ಲವೆಂದು ನಾವು ತಿರುಗಿ ಬರಬೇಕು. ನನ್ನ ಹತ್ತನೆಯ ಪರೀಕ್ಷೆ, ಪಿಯುಸಿ, ಎಲ್ಲವೂ ಕುಂಬಳದ ನಡುವೆಯೇ ಮುಗಿದವು. ಈ ಮನುಷ್ಯನಿಗೆ ಯಾರಾದರೂ ಸಾಕು ಎನ್ನಬಾರದೇ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೇನೆ.

ಏಳನೆಯ ವರ್ಷ ಆಯಿ ಹಾಸಿಗೆ ಹಿಡಿದಳು. ಆ ಸಲ ಅಪ್ಪ ತಂದದ್ದು ಮಚ್ಛೆಯ ರಸ್ತೆ ಬದಿಯ ಗಾಡಿಯಿಂದ, ನೀರು ನೀರಾದ, ಪೇಲವ ಬಣ್ಣದ ದೊಡ್ಡ ಕಾಯಿ. ಅವ್ವ ಎಂದಿನ ಎರಡರಷ್ಟು ಬೆಲ್ಲ ಸುರಿದರೂ ಗಾರಿಗೆ ಸಪ್ಪಗಿತ್ತು. ಆಯಿ ಒಂದು ಚೂರು ತಿಂದಳು. ಅಪ್ಪ ಕಾಲಬುಡದಲ್ಲಿ ಕೂತಿದ್ದ, ತಲೆ ಪೂರಾ ಬೆಳ್ಳಗಾಗಿತ್ತು. ಆಯಿ ಅವನನ್ನೇ ನೋಡಿದಳು.

"ಇದ ನೋಡಪಾ. ಸಿಕ್ಕಿತು," ಎಂದಳು.

ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಅಪ್ಪ ಮಗುವಿನಂತೆ ಅತ್ತ. ಹತ್ತು ದಿನಕ್ಕೆ ಆಯಿ ಲಿಂಗೈಕ್ಯಳಾದಳು. ಮುಂದೆ ರಸ್ತೆ ಅಗಲ ಮಾಡುವಾಗ ಆ ಹಿತ್ತಲೂ ಮನೆಯ ಅರ್ಧ ಭಾಗವೂ ಹೋದವು, ಉಳಿದ ಅರ್ಧವನ್ನು ಕಾಕಾ ಮಾರಿದ.

ಅಪ್ಪ ಆ ಸಪ್ಪೆ ಕುಂಬಳದ ಬೀಜವನ್ನು ನಮ್ಮ ಬಾಡಿಗೆ ಮನೆಯ ಗೋಡೆಗೆ ಸಗಣಿಯಲ್ಲಿ ತಟ್ಟಿದ, ಮಾಲಕರಿಂದ ಬೈಸಿಕೊಂಡ. ವರ್ಷ ವರ್ಷ ಬೆಳೆದು ಬೀಗರಿಗೆ, ನೆರೆಯವರಿಗೆ, ಕಾರ್ಖಾನೆಯವರಿಗೆ ನಮ್ಮವ್ವನ ಬೀಜವೆಂದು ಪೊಟ್ಟಣ ಕಟ್ಟಿ ಹಂಚಿದ. ಮದುವೆಯಾಗಿ ಹೋದ ಮೇಲೂ ನನಗೆ ತಪ್ಪದೆ ಬರುತ್ತಿತ್ತು. ಒಮ್ಮೆ ತಡೆಯಲಾರದೆ, ಇದು ಆಯಿಯ ಬೀಜವೇ ಅಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು, ಊರಿಗೆಲ್ಲ ಯಾಕೆ ಸುಳ್ಳು ಹಂಚುತ್ತೀ ಎಂದುಬಿಟ್ಟೆ. ಅಪ್ಪ ಪೊಟ್ಟಣಕ್ಕೆ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಮ್ಮವ್ವನ ಕುಂಬಳ ತಿಂದ ಬೆಳದಾಂವ ನಾ. ನಂಗ ಮೊದಲನೇ ತುತ್ತಿಗೆ ಗೊತ್ತಾತು," ಎಂದ. ಗಂಟು ಬಿಗಿದು, "ನಿಮ್ಮ ಆಯಿ ಜೀವಮಾನದಾಗ ಒಂದ ಸುಳ್ಳ ಹೇಳಿದ್ಲು, ಅದೂ ನನ್ನ ಸಲುವಾಗಿ. ಅದನ್ನ ನಾ ಸುಳ್ಳ ಅಂತ ಹೆಂಗ ಅನ್ಲೆವಾ?" ಎಂದ.

ಅಪ್ಪ ಹೋಗಿ ಮೂರು ವರ್ಷವಾಯಿತು. ಈಗ ನನ್ನ ಹಿತ್ತಲಲ್ಲಿ ಆ ಬಳ್ಳಿ ಇದೆ. ಕಾಯಿ ಈಗಲೂ ಸಪ್ಪೆಯೇ, ಎಷ್ಟು ಬೆಲ್ಲ ಹಾಕಿದರೂ ಅಷ್ಟೇ. ಓಣಿಯ ಹೆಂಗಸರು ಬೀಜ ಕೇಳಲು ಬಂದರೆ ಪೊಟ್ಟಣ ಕಟ್ಟಿ ಕೊಡುತ್ತೇನೆ. ಯಾವ ಊರಿನದು ಎಂದು ಕೇಳುತ್ತಾರೆ. ನಮ್ಮ ಆಯಿಯ ತವರಿನದು ಎಂದು ಹೇಳುತ್ತೇನೆ.